ದಡದವರು ಕೂರುವುದಿಲ್ಲ

ಭಾನುವಾರ ಸಂಜೆ ಐದರ ಹೊತ್ತಿಗೆ ಫೋನು ಬಂದಾಗ ಅನಂತರಾಮ ಇನ್ನೂ ಕುರ್ಚಿಯಲ್ಲೇ ಕೂತಿದ್ದ.

"ಹಡಗು ಹತ್ತುತ್ತಾ ಇದೀವಿ ರೀ," ಅಂದಳು ಲೀಲಾವತಿ, ಬ್ಯೂನಸ್ ಐರಿಸ್‌ನ ಬಂದರಿನಿಂದ. "ಗೈಡ್ ಅವಸರ ಮಾಡ್ತಿದಾಳೆ. ಆಚೆ ದಡದ ಮಾಂಟೆವಿಡಿಯೊಗೆ ಮೂರು ಗಂಟೆ ಅಷ್ಟೇ. ಊರು ನೋಡ್ಕೊಂಡು ಇವತ್ತೇ ವಾಪಸ್. ಸಮುದ್ರ ಅಂತ ಹೆದರಬೇಡಿ, ಇದು ಬರೀ ನದಿ."

ಅನಂತರಾಮ ಹೇಳಹೊರಟದ್ದು ಬೇರೆ ಮಾತು. "ಶಾಲು ಹೊದ್ಕೋ," ಅಂದ.

"ಇಲ್ಲಿ ಫೆಬ್ರವರೀಲಿ ಬೇಸಿಗೆ ರೀ!" ನಗು ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು.

ಅನಂತರಾಮ ಎದ್ದು ನಿಂತ.

ಲೀಲಾವತಿ ಸಚಿವಾಲಯವೊಂದರಲ್ಲಿ ಸ್ಪ್ಯಾನಿಷ್ ಅನುವಾದಕಿ. ನಿಯೋಗದ ಜೊತೆ ಹೋದವಳಿಗೆ ರಜೆಯ ದಿನ ಈ ಪ್ರವಾಸ ಸಿಕ್ಕಿತ್ತು. ಸಮುದ್ರವಾಗಿದ್ದರೆ ಅನಂತರಾಮ ಇಷ್ಟು ಹೆದರುತ್ತಿರಲಿಲ್ಲ. ಸಮುದ್ರವನ್ನು ಅವನು ಕಂಡವನಲ್ಲ. ನದಿಯನ್ನು ಬಲ್ಲ. ಅವನ ಊರು ತುಂಗಭದ್ರೆಯ ದಂಡೆಯ ಮೇಲಿತ್ತು. ಹೊಳೆ ದಾಟಲು ಹೋದವರ ಹರಿಗೋಲು ಆಚೆ ದಡ ಮುಟ್ಟುವ ತನಕ ಈಚೆ ದಡದವರು ಕೂರುವಂತಿಲ್ಲ ಎಂಬುದು ಅಲ್ಲಿಯ ರೂಢಿ. ಅವನಣ್ಣ ಏಕನಾಥನ ಹರಿಗೋಲು ದಡ ಮುಟ್ಟಲಿಲ್ಲ. ಅವ್ವ ಮಾತ್ರ ಕೇಳಿದವರಿಗೆಲ್ಲ "ಜ್ವರ ಬಂದು ಹೋದ" ಅನ್ನುತ್ತಿದ್ದಳು. ಸಾಯುವ ತನಕ ಹೊಳೆ ಎಂಬ ಶಬ್ದ ಅವಳ ಬಾಯಲ್ಲಿ ಬರಲಿಲ್ಲ. ಲೀಲಾವತಿಗೂ ಗೊತ್ತಿದ್ದದ್ದು ಆ ಜ್ವರವೇ.

ಗುಮಾಸ್ತನಾಗಿ ದೆಹಲಿಗೆ ಬಂದ ಮೇಲೂ ಅನಂತರಾಮ ಯಮುನೆಯ ಸೇತುವೆ ಬಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚುತ್ತಿದ್ದ. ನಿದ್ದೆ ಬಂದವನಂತೆ. ಅಕ್ಕಪಕ್ಕದವರಿಗೆ ಅನುಮಾನ ಬಂದದ್ದಿಲ್ಲ.

"ಪಾಪಾ, ಅದು ದೋಣಿ ಅಲ್ಲ, ಜಹಾಜ್," ಅಂದಳು ಮಗಳು ಧನ್ಯಾ, ಕಂಪ್ಯೂಟರ್ ತಿರುಗಿಸಿ ಚಿತ್ರ ತೋರಿಸುತ್ತಾ. "ಒಳಗೆ ದುಕಾನ್ ಇದೆ, ಕಾಫಿ ಇದೆ. ನಮ್ಮ ಕ್ವಾರ್ಟರ್ಸ್‌ಗಿಂತ ಚೆನ್ನಾಗಿದೆ."

"ಆಚೆ ದಡ ಕಾಣುತ್ತಾ?"

"ನಹೀಂ ನಾ. ಅಷ್ಟು ಬಡಾ ನದಿ!"

ಅವಳು ಹೊಗಳಿಕೆಯಾಗಿ ಹೇಳಿದ್ದಳು. ಅನಂತರಾಮ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ.

ಆರೂವರೆಗೆ ಕೆಳಗಿನ ಮನೆಯ ದಕ್ಷಿಣಾಮೂರ್ತಿ ಬಂದರು. ಸೋಫಾದಲ್ಲಿ ಕೂತು, ಎದ್ದು, ಮತ್ತೆ ಕೂತರು. "ಏನ್ರೀ ಇದು, ರೇಷನ್ ಕ್ಯೂನಲ್ಲಿ ನಿಂತ ಹಾಗೆ! ನೀವು ನಿಂತಿದ್ರೆ ನಾನು ಹೇಗ್ರೀ ಕೂರಲಿ?" ಆಮೇಲೆ ದನಿ ತಗ್ಗಿಸಿದರು. "ಮೂಲವ್ಯಾಧಿನಾ?"

"ಹೌದು," ಅಂದ ಅನಂತರಾಮ.

"ಅಚ್ಛಾ! ಮೊದಲೇ ಹೇಳಬಾರದಾ? ಮೂಲಂಗಿ ತಿನ್ನಿ. ಖಾರ ಬಿಡಿ." ಅರ್ಧ ಗಂಟೆ ಅದೇ ಮಾತಾಡಿ, ಸಮಾಧಾನದಿಂದ ಇಳಿದು ಹೋದರು. ಧನ್ಯಾ ಅಪ್ಪನನ್ನೇ ನೋಡುತ್ತಿದ್ದಳು.

ಎಂಟಾಯಿತು. ಫೋನು ಬರಲಿಲ್ಲ. ಹೊರಗೆ ಕಡಲೆಕಾಯಿ ಮಾರುವವನ ಕೂಗು ದೂರವಾಯಿತು. ಅನಂತರಾಮ ಫ್ರಿಜ್ಜಿಗೆ ಬೆನ್ನು ಕೊಟ್ಟ. ಅದರ ಸಣ್ಣ ನಡುಕ ಬೆನ್ನಿಗೆ ಹತ್ತಿತು. ಟೀವಿಯ ಕೆಳಗಡೆ ಓಡುವ ಸುದ್ದಿಯ ಸಾಲನ್ನು ಓದಿದ. ಬೆಲೆ ಏರಿಕೆ, ಕ್ರಿಕೆಟ್ಟು. ಅಷ್ಟು ದೂರದ ನೀರಿನ ಸುದ್ದಿ ಇಲ್ಲಿ ಯಾರು ಹಾಕುತ್ತಾರೆ? ತಡೆಯಬಹುದಿತ್ತು. ಏಕನಾಥ ಮುಳುಗಿದ ಮಾತನ್ನು ಆಗಲೇ ಆಡಿದ್ದರೆ ಅವಳು ಹತ್ತುತ್ತಿರಲಿಲ್ಲ.

"ಪಾಪಾ, ಬೈಠೋ ನಾ," ಅಂದಳು ಧನ್ಯಾ. ಕೂರಲ್ಲ ಎಂಬಂತೆ ಅವನು ತಲೆಯಾಡಿಸಿದ.

ಎಂಟೂಮುಕ್ಕಾಲಿಗೆ ಫೋನು ಹೊಡೆದುಕೊಂಡಿತು.

"ತಲುಪಿದ್ವಿ ರೀ!"

"ಹಗ್ಗ ಕಟ್ಟಿದ್ರಾ?"

"ಯಾವ ಹಗ್ಗ?"

"ದೋಣಿ ಕಟ್ಟಿದ್ರಾ ಅಂದೆ."

"ಅಯ್ಯೋ, ನಾನಾಗಲೇ ಇಳಿದು ಬಸ್ಸಲ್ಲಿ ಕೂತಿದೀನಿ. ನೀರು ನಿಮ್ಮೂರ ಹೊಳೆ ಥರಾನೇ, ಮಳೆಗಾಲದಲ್ಲಿ ಕೆಂಪಗೆ ಇರುತ್ತಲ್ಲ, ಹಾಗೆ. ತುಂಬಾ ಹೊತ್ತು ಯಾವ ದಡಾನೂ ಇಲ್ಲ. ಒಂದು ಥರ ಆಯ್ತು ನನಗೆ."

"ಲೀಲಾ, ಏಕನಾಥ..." ಅಂದವನು ತಡೆದುಕೊಂಡ. ಅವಳು ಅದೇ ನೀರಿನ ಮೇಲೆ ಹಿಂದಿರುಗಬೇಕು.

"ನಿಮ್ಮಣ್ಣ? ಏನು ಈಗ?"

"ಏನಿಲ್ಲ. ಮನೆಗೆ ಬಾ, ಹೇಳ್ತೀನಿ."

ಫೋನಿಟ್ಟು ಅನಂತರಾಮ ಕುರ್ಚಿಯಲ್ಲಿ ಕುಸಿದ. ಪಾದಗಳು ಊದಿದ್ದವು. ಧನ್ಯಾ ಟೀವಿ ಆರಿಸಿ ಅವನೆದುರು ನೆಲದ ಮೇಲೆ ಕೂತಳು.

"ಮೂಲವ್ಯಾಧಿ ಸುಳ್ಳು ತಾನೆ? ಯಾಕೆ ನಿಂತಿದ್ರಿ?"

ಅವನು ಹೇಳಿದ. ಊರಿನ ರೂಢಿ, ಹರಿಗೋಲು, ದಡದಲ್ಲಿ ತಾನೂ ಅವ್ವನೂ ನಿಂತಿದ್ದದ್ದು. "ನನ್ನ ಕಾಲಿಗೆ ಮುಳ್ಳು ಚುಚ್ಚಿತ್ತು. ಅಳತೊಡಗಿದೆ. ಅವ್ವ ತೆಗೆಯೋದಕ್ಕೆ ಅಂತ ಕೂತಳು. ತಲೆ ಎತ್ತಿದಾಗ ಹರಿಗೋಲು ಮಗುಚಿತ್ತು."

ಧನ್ಯಾ ಎದ್ದಳು. ಒಳಗೆ ಹೋಗಿ ಸಾರು ಬಿಸಿ ಮಾಡಿ ಅನ್ನ ಕಲಸಿ ತಂದಳು. ಅವನು ಉಂಡು ಮುಗಿಸಿದ ಮೇಲೆ ಕೇಳಿದಳು.

"ಮಮ್ಮಿಯ ವಾಪಸ್ ಜಹಾಜ್ ಎಷ್ಟೊತ್ತಿಗೆ?"

"ನಮಗೆ ಬೆಳಗಿನ ಜಾವ ಆಗುತ್ತೆ."

"ಚಲೋ, ನೀವು ಮಲಗಿ," ಅಂದಳು ಧನ್ಯಾ. "ಆಗ ನಾನು ನಿಲ್ತೀನಿ."