ತಂಗಿ ತನಗೆ ತಾನೇ ಕೊಟ್ಟ ರಕ್ತ

ನನ್ನ ತಂಗಿಗೆ ಚಿಕ್ಕಂದಿನಲ್ಲಿ ಕೀಲೆಲ್ಲ ಬಾತು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಹೃದಯದ ಕವಾಟ ಕೆಡಿಸಿ ಹೋಯಿತು. ಅದು ನಮಗೆ ತಿಳಿದದ್ದು ಅವಳು ದೊಡ್ಡವಳಾದ ಮೇಲೆ, ಸೇಡಂ ಸ್ಟೇಷನ್ನಿನಲ್ಲಿ ಉಸಿರು ಸಿಗದೆ ಕುಸಿದು ಕೂತಾಗ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಕೆಲವು ವರ್ಷವಾಗಿತ್ತು. ನಮಗೆ ಮಾತ್ರ ದೊಡ್ಡ ರೋಗಕ್ಕೆ ಆಗಲೂ ಹೈದರಾಬಾದೇ ಗತಿ.

ಅಲ್ಲಿಯ ಡಾಕ್ಟರು ಆಪರೇಶನ್ ಮಾಡಲೇಬೇಕೆಂದರು. ಅವಳದ್ದು ಸುಲಭಕ್ಕೆ ಸಿಗದ ಗುಂಪಿನ ರಕ್ತ. ನನ್ನದು ಹೊಂದಲಿಲ್ಲ, ಅವ್ವನದೂ ಹೊಂದಲಿಲ್ಲ. ಉರ್ದು ಮಾತಾಡಲು ನಮ್ಮ ಜೊತೆ ಬಂದಿದ್ದ ಎದುರು ಮನೆಯ ಬಡಿಗ ಚಾಚಾ ತಾನೂ ತೋಳು ಚಾಚಿದ, ಅದೂ ಆಗಲಿಲ್ಲ. ಕೊನೆಗೆ ಡಾಕ್ಟರು ಒಂದು ದಾರಿ ಹೇಳಿದರು. ಅವಳ ರಕ್ತವನ್ನೇ ಈಗೊಂದು ಬಾಟಲಿ, ಎರಡು ವಾರ ಬಿಟ್ಟು ಇನ್ನೊಂದು ಬಾಟಲಿ ತೆಗೆದು ತಣ್ಣಗೆ ಇಡುವುದು, ಆಪರೇಶನ್ ದಿನ ಅವಳಿಗೇ ಹಾಕುವುದು. ನಡುವೆ ಹೊಟ್ಟೆತುಂಬ ಉಣ್ಣಬೇಕು, ಅಷ್ಟೇ.

“ಇರೋದೇ ಹಿಡಿ ಜೀವ, ಅದರಾಗೂ ತಗೀತಾರಂತ!” ಎಂದು ಅವ್ವ ಸೆರಗು ಬಾಯಿಗೆ ಹಿಡಿದಳು.

“ಸುಮ್ಕಿರವ್ವಾ, ನಂದು ನನಗೇ ಕೊಡ್ತಾರ,” ಎಂದಳು ತಂಗಿ. ನನ್ನ ಕಡೆ ತಿರುಗಿ, “ಅಕ್ಕಾ, ನಿಂದು ಹಾಕಿದ್ರ ನಿನ್ನಂಗ ನನಗೂ ಭಾಳ ಸಿಟ್ಟು ಬರ್ತಿತ್ತು. ಪಾರಾದೆ ನೋಡು!” ಎಂದು ನಕ್ಕಳು.

ಮೊದಲ ಬಾಟಲಿ ಕೊಟ್ಟ ಮೇಲೆ ತಂಗಿ, ಅವ್ವ ಸೇಡಂಗೆ ಮರಳಿದರು, ನಾನು ವಾಡಿಗೆ, ಗಂಡನ ಮನೆಗೆ. ಅಲ್ಲಿಂದಲೇ ಬೆಲ್ಲ, ಶೇಂಗಾ, ತುಪ್ಪ ಕಳಿಸಿದೆ. ಎರಡು ವಾರದ ಮೇಲೆ ಮತ್ತೆ ಎಲ್ಲರೂ ಹೋದೆವು. ಬೆರಳು ಚುಚ್ಚಿ ಪರೀಕ್ಷೆ ಮಾಡಿದವರು ಬಾಟಲಿಯನ್ನೇ ತರಲಿಲ್ಲ. ರಕ್ತ ತುಂಬಿಕೊಂಡೇ ಇಲ್ಲ, ಮೊದಲಿಗಿಂತ ಇಳಿದಿದೆ, ಆಪರೇಶನ್ ಮುಂದೆ ಹಾಕಬೇಕು ಎಂದರು ಡಾಕ್ಟರು. ಇವಳು ಏನು ಉಣ್ಣುತ್ತಾಳೆ ಎಂದು ಕೇಳಿದರು.

ಅವ್ವ ನೆಲ ನೋಡಿದಳು. “ಶ್ರಾವಣ ಅಲ್ರೀ? ಇಬ್ಬರೂ ಒಪ್ಪತ್ತು ಹಿಡದೀವ್ರಿ. ಆಪರೇಶನ್ ಛಲೋ ಆಗ್ಲಿ ಅಂತ ದೇವರಿಗೆ ಬೇಡ್ಕೊಂಡೀವಿ.”

ತಿಂಗಳಿಡೀ ದಿನಕ್ಕೆ ಒಂದೇ ಊಟ! ನನ್ನ ಮೈಯೆಲ್ಲ ಉರಿಯಿತು. “ದೇವ್ರು ನಿನ್ನ ಮಗಳ ಬಾಯಾಗಿನ ತುತ್ತು ಕೇಳಿದ್ನೇನು?” ಎಂದು ಆಸ್ಪತ್ರೆಯಲ್ಲೇ ಕೂಗಾಡಿದೆ.

“ಆಕಿಗಿ ಬೈಬ್ಯಾಡಕ್ಕಾ. ನಾನೇ ಹಿಡದೀನಿ,” ಎಂದಳು ತಂಗಿ.

ಅವಳನ್ನು ಅಲ್ಲೇ ವಾರ್ಡಿನಲ್ಲಿ ಉಳಿಸಿಕೊಂಡರು. ಅವ್ವ ಒಪ್ಪತ್ತು ಬಿಡಿಸಿದಳು, ಸಣ್ಣ ಕೂಸಿಗೆ ಉಣ್ಣಿಸುವ ಹಾಗೆ ತುತ್ತು ಮಾಡಿ ಬಾಯಿಗಿಟ್ಟಳು. ಆದರೆ ಹೃದಯ ಅಷ್ಟು ದಿನ ಕಾಯಲಿಲ್ಲ. ಒಂದು ಬೆಳಗ್ಗೆ ಉಸಿರಿಗಾಗಿ ಒದ್ದಾಡಿ ನಮ್ಮ ಕಣ್ಣೆದುರೇ ಹೋಗಿಬಿಟ್ಟಳು.

ಅವ್ವ ಅಳಲಿಲ್ಲ. ನೇರ ಹೋಗಿ ಡಾಕ್ಟರ ಹತ್ತಿರ ಆ ಮೊದಲ ಬಾಟಲಿ ಕೇಳಿದಳು. ಅದು ಹಳೆಯದಾಯಿತು, ಯಾರಿಗೂ ಹಾಕಲು ಬರುವುದಿಲ್ಲ, ಚೆಲ್ಲುವುದೇ ಎಂದರು ಅವರು.

“ಚೆಲ್ಲಬ್ಯಾಡ್ರೀ ಸಾಹೇಬ್ರ. ನಮ್ಮಲ್ಲಿ ಸುಡಂಗಿಲ್ಲ, ಕುಂದ್ರಿಸಿ ಮಣ್ಣು ಕೊಡ್ತೀವಿ. ಮಗಳು ಪೂರಾ ಹೋಗಬೇಕ್ರೀ. ಉಪಾಸ ಕೆಡವಿದ್ದು ಸಾಕು, ಇದನ್ನೂ ಬಿಟ್ಟು ಹ್ಯಾಂಗ ಕಳಸ್ಲಿ?”

ಚಾಚಾ ಅದನ್ನು ಉರ್ದುವಿನಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿ ಗೋಡೆಯ ಕಡೆ ತಿರುಗಿದ. ಡಾಕ್ಟರು ಏನೂ ಕೇಳದೆ ಬಾಟಲಿ ತರಿಸಿಕೊಟ್ಟರು.

ಸೇಡಂಗೆ ಹೊರಟ ವ್ಯಾನು ತಾಂಡೂರು ದಾಟಿತು. ತಂಗಿ ನಮ್ಮ ಕಾಲ ಬಳಿ ಮಲಗಿದ್ದಳು. ಅವ್ವ ಬಾಟಲಿಯನ್ನು ಸೆರಗಿನೊಳಗೆ ಎದೆಗವಚಿಕೊಂಡು ದಾರಿಯುದ್ದಕ್ಕೂ ಅಲ್ಲಾಡದೆ ಕೂತಿದ್ದಳು. ಮನೆ ಮುಂದೆ ಇಳಿಯುವಾಗ, “ಹಿಡಿ, ಜ್ವಾಕಿ,” ಎಂದು ನನ್ನ ಕೈಗೆ ಕೊಟ್ಟಳು.

ಬೆಚ್ಚಗಿತ್ತು. ನನ್ನ ತಂಗಿಯದು ಎನ್ನುವುದರಲ್ಲಿ ಬೆಚ್ಚಗೆ ಉಳಿದಿದ್ದು ಅದೊಂದೇ.