ಮಾಸ್ತರರು ಮತ್ತು ನನ್ನ ಕಷಾಯ

ಮಾಸ್ತರರ ಬಲಗೈ ತೋರುಬೆರಳಿನ ತುದಿ ಸೀಳಿತ್ತು. ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳು. ಪರದೇಶದ ಈ ವುಡ್‌ಬ್ರಿಡ್ಜಿನ ಚಳಿಗೆ ರಕ್ತ ಜಿನುಗುತ್ತಿತ್ತು. ತುಪ್ಪ ಹಚ್ಚಿಕೊಳ್ಳಿ ಎಂದರೆ, "ಜಾರತೈತಿ ತಂಗಿ, ಬರಿಯಾಕ ಬರೂದಿಲ್ಲ" ಎನ್ನುತ್ತಿದ್ದರು. ನಮ್ಮ ಅಡುಗೆಮನೆಯ ಕಿಟಕಿ ಹಬೆಗೆ ಮಬ್ಬಾದರೆ ಸಾಕು, ಅದೇ ಅವರ ಬೋರ್ಡು.

ಪಕ್ಕದ ಮನೆಯಲ್ಲಿ ಮಗಳೊಂದಿಗೆ ಇದ್ದ ಅವರು ದಿನವೂ ನಾಲ್ಕಕ್ಕೆ ಬಂದು ನನ್ನ ಹನ್ನೊಂದು ವರ್ಷದ ಹುಡುಗಿಗೆ ಪಾಠ ಹೇಳುತ್ತಿದ್ದರು. 2017ರ ಆ ಚಳಿಗಾಲ ಅವಳಿಗೆ ಶಾಲೆ ಇರಲಿಲ್ಲ. ಅವಳನ್ನು ಕಾಯಬೇಕಾದ ರಕ್ತದ ಬಿಳಿ ಕಣಗಳೇ ಅವಳ ಲಿವರಿನ ಮೇಲೆ ಬಿದ್ದಿದ್ದವು. ಅವುಗಳ ಆರ್ಭಟ ತಗ್ಗಿಸುವ ಗುಳಿಗೆ ನಡೆದಿತ್ತು. ದೇವರ ಮುಂದೆ ಕೂತರೆ ನನ್ನ ಬಾಯಲ್ಲಿ ಬೈಗುಳವೇ ಬರುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅವ್ವ ಅಮೃತಬಳ್ಳಿ ಪುಡಿ ಕಳಿಸಿದಳು. ರೋಗ ತಡೆಯುವ ಶಕ್ತಿ ಬರುತ್ತದಂತೆ. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ. ಬೆಲ್ಲ ಹಾಕಿ ಕುದಿಸಿ ಎರಡು ಹೊತ್ತು ಕುಡಿಸಿದೆ. ಕೆಲವು ವಾರಗಳಲ್ಲಿ, ತುಸು ತಿಳಿಯಾಗಿದ್ದ ಅವಳ ಕಣ್ಣು ಮತ್ತೆ ಅರಿಶಿನವಾಯಿತು. ಹೀಗೇ ಆದರೆ ಲಿವರನ್ನೇ ಬದಲಿಸಬೇಕಾದೀತು ಎಂದರು ಡಾಕ್ಟರಮ್ಮ. ಬೇರೇನಾದರೂ ಕೊಡುತ್ತಿದ್ದೀರಾ ಎಂದು ಎರಡು ಸಲ ಕೇಳಿದರು. ಬೈಸಿಕೊಳ್ಳುವ ಹೆದರಿಕೆಗೆ ಎರಡು ಸಲವೂ ಇಲ್ಲ ಎಂದೆ.

ಮಾಸ್ತರರು ಲೈಬ್ರರಿಯಿಂದ ಪುಸ್ತಕ ತಂದು ಈ ಕಾಯಿಲೆಯ ಬಗ್ಗೆಯೇ ಓದುತ್ತಿದ್ದರು. ಒಂದು ಸಂಜೆ ಕಿಟಕಿಯ ಮೇಲೆ ಲಿವರಿನ ಚಿತ್ರ ಬರೆದು ಮಗಳಿಗೆ ಹೇಳಿದರು: "ಬಿಳಿ ಕಣ ಅಂದ್ರ ಸೈನಿಕರು ಅಂತ ಸಾವಿರ ಹುಡುಗರಿಗೆ ಕಲಿಸೀನಿ. ಅದು ಅರ್ಧಾ ಮಾತು. ಅವು ಸತ್ತ ಕಣ ಎತ್ತತಾವ, ಹರಿದದ್ದು ಕೂಡಸತಾವ. ಉಂಡದ್ದೆಲ್ಲಾ ಲಿವರಿಗೇ ಬರತೈತಿ, ಬಂದವರ ಮ್ಯಾಲೆಲ್ಲಾ ಬಡಿಗಿ ಎತ್ತಿದ್ರ ಮನಿ ಉಳೀತೈತೇನು? ಅದಕ್ಕ ಕೆಲವು ಕಣ ಉಳಿದವಕ್ಕ 'ಸಾಕು ಬಿಡು' ಅಂತ ಹೇಳತಾವ."

"ಸೋ ಮೈನ್ ಡೋಂಟ್ ಲಿಸನ್, ಅಜ್ಜಾ?"

"ನಿನ್ನವು ಸಿಟ್ಟಿನಾಗ ಅದಾವ ಪುಟ್ಟಿ. ಗುಳಿಗಿ ಸಮಾಧಾನ ಮಾಡಾಕತ್ತೈತಿ."

ಆಗ ಅವರಿಗೆ ಒಲೆಯ ಮೇಲಿನ ಕಹಿ ವಾಸನೆ ಬಡಿಯಿತು. ಬಂದು ಪಾತ್ರೆಯಲ್ಲಿ ಇಣುಕಿದರು.

"ಇದೇನ್ ತಂಗಿ?"

"ಅಮೃತಬಳ್ಳಿ ಕಷಾಯ. ಶಕ್ತಿ ಬರಲಿ ಅಂತ, ಸರ್."

"ಯಾರಿಗೆ ಶಕ್ತಿ? ಹೊಡಿಯೋ ಕೈಗೇ ಶಕ್ತಿ ಕೊಡಾಕತ್ತೀಯಲ್ಲ! ಇವತ್ತೇ ನಿಲ್ಲಸು, ಡಾಕ್ಟರಿಗೆ ಹೇಳು."

ನನ್ನ ಕೈಯಿಂದಲೇ ನನ್ನ ಕೂಸಿಗೆ ಕೇಡಾಯಿತು ಎಂದು ಒಪ್ಪುವುದು ಹೇಗೆ? "ನಮ್ಮ ಮನಿ ವಿಚಾರ ನಿಮಗ್ಯಾಕ್ರಿ? ನಾಳಿಂದ ಬರಬ್ಯಾಡ್ರಿ" ಎಂದುಬಿಟ್ಟೆ. ಅವರು ಟೋಪಿ ಹಾಕಿಕೊಂಡು ಹೊರಟರು.

ನಾನು ಕಷಾಯ ನಿಲ್ಲಿಸಲಿಲ್ಲ. ಆರನೇ ದಿನ ಮಗಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಸುದ್ದಿ ಕೇಳಿ ಮಾಸ್ತರರು ಎರಡು ಬಸ್ಸು, ಒಂದು ಸಬ್‌ವೇ ಬದಲಿಸಿ ಒಬ್ಬರೇ ಬಂದರು. ಡಾಕ್ಟರಮ್ಮ ಮೂರನೇ ಸಲ ಅದೇ ಪ್ರಶ್ನೆ ಕೇಳುತ್ತಿದ್ದರು. ನಾನು ಮಗಳ ಹೊದಿಕೆ ಸರಿಮಾಡುತ್ತ ನಿಂತೆ.

"ಡಾಕ್ಟರ್, ಐ ಗೇವ್ ಇಟ್. ದಿ ಮದರ್ ಡಿಡ್ ನಾಟ್ ನೋ" ಎಂದರು ಮಾಸ್ತರರು. ಬಳ್ಳಿಯ ಶಾಸ್ತ್ರೀಯ ಹೆಸರನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಒಂದು ಅಂಕಕ್ಕಾಗಿ ಸ್ವಂತ ಮಗಳನ್ನು ಎಂಟನೇ ಇಯತ್ತೆಯಲ್ಲಿ ಫೇಲು ಮಾಡಿದ ಮನುಷ್ಯ, ಕೈಕಟ್ಟಿ ನಿಂತು ಬೈಸಿಕೊಂಡರು.

ಕಾರಿಡಾರಿನಲ್ಲಿ ಯಾಕೆ ಸರ್ ಎಂದು ಅತ್ತೆ. "ದಿನಾ ಡಾಕ್ಟರ ಮುಂದ ನಿಂದರಾಕಿ ನೀನು. ನಿನ್ನ ಮ್ಯಾಲಿನ ನಂಬಿಗಿ ಹೋದ್ರ ಕೂಸಿಗೇ ತ್ರಾಸು. ನನಗೇನು, ನಾ ಬಸ್ ಹತ್ತಿ ಹೋಗಾಂವ."

ಕಷಾಯ ನಿಂತಿತು, ಔಷಧವೂ ಬದಲಾಯಿತು. ಯಾವುದರಿಂದ ಗುಣವಾಯಿತೆಂದು ಡಾಕ್ಟರಮ್ಮನೂ ಖಚಿತವಾಗಿ ಹೇಳಲಿಲ್ಲ, ಆದರೆ ಬೇಸಗೆಯ ಹೊತ್ತಿಗೆ ಕಣ್ಣು ಬೆಳ್ಳಗಾದವು. ಇತ್ತ ಕಷಾಯ ಕೊಟ್ಟದ್ದು ತನ್ನ ಅಪ್ಪನೇ ಎಂದು ನಂಬಿದ ಮಾಸ್ತರರ ಮಗಳು, ಇನ್ನು ಆ ಮನೆಯ ಹೊಸ್ತಿಲು ತುಳಿಯಬೇಡ ಎಂದು ಅಪ್ಪನಿಗೆ ಕಟ್ಟಪ್ಪಣೆ ಮಾಡಿದಳು. ಅವರು ನಿಜ ಹೇಳದೆ ಪಾಲಿಸಿದರು. ಅಂಗಳದಿಂದ ಕೈ ಬೀಸುತ್ತಿದ್ದರು, ಅಷ್ಟೇ. ಹೋಗಿ ನಿಜ ಹೇಳಬೇಕು, ನಾಳೆ ಹೇಳುತ್ತೇನೆ ಎಂದು ಒಂದೂವರೆ ವರ್ಷ ಕಳೆದೆ.

2019ರಲ್ಲಿ ಅವರ ಹೃದಯ ನಿಂತಿತು. ಅಂತಿಮ ದರ್ಶನಕ್ಕೆ ಹೋದಾಗ ಅವರ ಮಗಳು ನನ್ನೆದುರು ಕೈ ಮುಗಿದಳು. "ಅಪ್ಪನಿಂದ ನಿಮಗ ಭಾಳ ತ್ರಾಸಾತು. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

"ಇರಲಿ ಬಿಡ್ರಿ" ಎಂದೆ.

ಪಕ್ಕದಲ್ಲಿದ್ದ ನನ್ನ ಮಗಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.