ಬಾಟಲಿಯ ಮುಯ್ಯಿ

ಹೋದ ವರ್ಷ ನನ್ನ ತಮ್ಮನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿ ರೋಬೋಟಿನಿಂದ ಆಪರೇಷನ್ ಮಾಡಿದರು. ಡಾಕ್ಟರು ಒಂದು ಮೂಲೆಯಲ್ಲಿ ಕೂತು ಪರದೆ ನೋಡುತ್ತ ಬೆರಳಾಡಿಸಿದರೆ, ಅತ್ತ ಮಲಗಿದವನ ಹೊಟ್ಟೆಯೊಳಗೆ ಯಂತ್ರದ ಕೈಗಳು ಕೆಲಸ ಮಾಡುತ್ತವಂತೆ. ಮೂತ್ರದ ಟ್ಯೂಬ್ ತೆಗೆದ ದಿನ ತಮ್ಮ ಫೋನು ಮಾಡಿ, "ಅಕ್ಕಾ, ಎಲ್ಲಾ ಸಲೀಸಾಯ್ತು. ಬಾಟ್ಲಿ ನಾನೇ ತುಂಬ್ಸಿದೀನಿ, ಮುಯ್ಯಾಳು ಬೇಕಾಗ್ಲಿಲ್ಲ" ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಆ ನಗು ಎಂಬತ್ತರ ದಶಕದ್ದು. ಆಗ ನಾನು ಹೊಸನಗರದ ಶಾಲೆಯಲ್ಲಿ ಟೀಚರು. ಇಕ್ಕೇರಿ ಹತ್ತಿರದ ಊರಿನಲ್ಲಿ ಗದ್ದೆ ಮಾಡಿಕೊಂಡಿದ್ದ ಅಪ್ಪನಿಗೆ ಅದೇ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟಿತು. ಸಾಗರದ ಡಾಕ್ಟರು ಟ್ಯೂಬ್ ಹಾಕಿ, ಕ್ಯಾನ್ಸರೂ ಇರಬಹುದು, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿ ಸರದಿ ಬರಲು ಒಂದು ತಿಂಗಳು ಹಿಡಿಯಿತು. ಊರಿನ ಯಾವ ಮದುವೆಗೂ ತಪ್ಪದ ಅಪ್ಪ, ಪಂಚೆಯೊಳಗೆ ಮೂತ್ರದ ಚೀಲ ತೂಗಿಸಿಕೊಂಡು ಆ ತಿಂಗಳಿಡೀ ಅಂಗಳ ದಾಟಲಿಲ್ಲ. ಆಸ್ಪತ್ರೆಗೆ ಹೊರಡುವಾಗ, "ಇದು ಹೋಗ್ಲಿಲ್ಲ ಅಂದ್ರೆ ನಾ ಊರಿಗೆ ವಾಪಸ್ ಬರಲ್ಲ ತಂಗಿ" ಎಂದು ನನ್ನ ಹತ್ತಿರ ಹೇಳಿದ. ಮಗಳನ್ನೂ ತಂಗಿ ಎಂದೇ ಕರೆಯುವುದು ನಮ್ಮ ಕಡೆ. ಕ್ಯಾನ್ಸರಿಗಿಂತ ಆ ಚೀಲಕ್ಕೇ ಅವನು ಹೆದರಿದ್ದ.

ಹುಲಿಕಲ್ ಘಾಟಿ ಇಳಿದು ಕರಾವಳಿಯ ಆಸ್ಪತ್ರೆಗೆ ಹೋದೆವು. ತಮ್ಮನಿಗೆ ಕಾಲೇಜಿನ ಪರೀಕ್ಷೆ, ಬರುವಂತಿರಲಿಲ್ಲ. ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರು ಉಳಿಯುವಂತಿಲ್ಲ. ಹಾಗಾಗಿ ಪಕ್ಕದ ಮನೆಯ ಮಾವ ಜೊತೆಗೆ ಬಂದರು. ರಕ್ತಸಂಬಂಧವಲ್ಲ, ಅಪ್ಪನಿಗೂ ಅವರಿಗೂ ಮುಯ್ಯಾಳಿನ ಸಂಬಂಧ. ನಮ್ಮ ಕಡೆ ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿದರೆ ಕೂಲಿ ಕೊಡುವುದಿಲ್ಲ, ತಿರುಗಿ ಹೋಗಿ ದುಡಿಯುತ್ತಾರೆ. ಅದೇ ಮುಯ್ಯಿ. ಆ ವರ್ಷ ಅಪ್ಪ ಒಂದು ದಿನ ಎತ್ತು ಕಟ್ಟಿ ಮಾವನ ಗದ್ದೆ ಹೂಡಿಕೊಟ್ಟಿದ್ದ. ಮಾವ ತೀರಿಸುವ ಮೊದಲೇ ಅಪ್ಪ ಮಲಗಿದ. ಅದು ಮಾವನನ್ನು ಕೊರೆಯುತ್ತಿತ್ತು.

ಹೊಟ್ಟೆ ಕೊಯ್ಯಲಿಲ್ಲ. ಮೂತ್ರದ ದಾರಿಯಲ್ಲೇ ಕೊಳವೆ ತೂರಿಸಿ ಗ್ರಂಥಿಯನ್ನು ಕೆರೆದು ತೆಗೆದರು. ಕೆರೆದ ಚೂರುಗಳಲ್ಲಿ ಕ್ಯಾನ್ಸರ್ ಇಲ್ಲವೆಂದು ತಿಳಿದಾಗ ನಾನು ವರಾಂಡದಲ್ಲಿ ನಿಂತು ಅತ್ತುಬಿಟ್ಟೆ. ಉಳಿದಿದ್ದು ಟ್ಯೂಬೊಂದೇ. ಅದನ್ನು ಒಂದು ಸಲ ತೆಗೆದರು, ಮೂತ್ರ ಹೋಗಲಿಲ್ಲ, ಮತ್ತೆ ಹಾಕಿದರು. ಎರಡನೇ ಸಲ ತೆಗೆದಾಗ ನರ್ಸಮ್ಮ ಗಾಜಿನ ಬಾಟಲಿ ಕೊಟ್ಟು, "ಸಂಜೆ ನಾಲ್ಕು ಗಂಟೆಯೊಳಗೆ ಇದರಲ್ಲಿ ಮಾಡಿ ತೋರಿಸಿ ಯಜಮಾನ್ರೇ. ಆಗ್ಲಿಲ್ಲಾಂದ್ರೆ ಟ್ಯೂಬಿನಲ್ಲೇ ಮನೆಗೆ ಹೋಗುದು" ಎಂದಳು.

ಅಪ್ಪ ನೀರು ಕುಡಿದ, ಬಾರ್ಲಿ ಕುಡಿದ. ಹನಿಯಿಲ್ಲ. ಮೂರೂವರೆಗೆ ಮಾವ ಮಂಚದ ಸುತ್ತ ಪರದೆ ಎಳೆದುಕೊಂಡು ಒಳಗೆ ಹೋದರು. ಗುಸುಗುಸು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮುಕ್ಕಾಲು ತುಂಬಿದ ಬಾಟಲಿಯನ್ನು ಗೆದ್ದವರ ಹಾಗೆ ಎತ್ತಿ ಹಿಡಿದು ಹೊರಬಂದರು. ನನಗೆ ಸ್ವರ್ಗ ಮೂರೇ ಗೇಣು. ಪಕ್ಕದ ಮಂಚದವರಿಗೆಲ್ಲ ಬಾಳೆಹಣ್ಣು ಹಂಚಿದೆ. ನರ್ಸಮ್ಮ ಬಾಟಲಿಯನ್ನು ಪರೀಕ್ಷೆಗೆ ಒಯ್ದಳು.

ಸ್ವಲ್ಪ ಹೊತ್ತಿಗೆ ಡಾಕ್ಟರು, ಪರೀಕ್ಷೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಮೂತ್ರವಿದ್ದ ಒಂದು ಗಾಜಿನ ನಳಿಗೆ ಹಿಡಿದು ಬಂದರು. "ಯಜಮಾನ್ರೇ, ಮೊದಲು ಸಕ್ಕರೆ ಇರ್ಲಿಲ್ಲ. ಈಗ ಇಷ್ಟೊಂದು ಇದೆ. ಏನು ತಿಂದ್ರಿ?"

ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. "ಬೆಲ್ಲ ತಿಂದ್ಯಾ? ನಿಂಗೆ ಬುದ್ಧಿ ಇಲ್ವಾ?" ಎಂದು ಇಡೀ ವಾರ್ಡಿನ ಎದುರು ಅಪ್ಪನನ್ನು ಬೈದೆ. ಅಪ್ಪ ಫ್ಯಾನು ನೋಡುತ್ತ ಮಲಗಿದ್ದ, ಹಣೆಯಲ್ಲಿ ಬೆವರು. ಮಾವನಿಗೆ ತಡೆಯಲಾಗಲಿಲ್ಲ. ಡಾಕ್ಟರಿಗೆ ಕೈಮುಗಿದು ಎದ್ದು ನಿಂತರು.

"ಅವ್ನಿಗೆ ಬೈಬ್ಯಾಡ ತಂಗಿ. ಅದು ನಂದು ಸಾ. ಒಂದು ದಿನದ ಹೂಟಿ ಮುಯ್ಯಿ ಬಾಕಿ ಇತ್ತು. ಅವ್ನ ಕೈಲಾಗ್ದಿದ್ದ ಕೆಲ್ಸ, ನಾ ಮಾಡ್ಕೊಟ್ಟೆ."

ಮೊದಲು ನಕ್ಕಿದ್ದು ಡಾಕ್ಟರು. ಆಮೇಲೆ ನರ್ಸಮ್ಮ. ಆಮೇಲೆ ಅಪ್ಪನಿಗೆ ಎಂಥ ನಗು ಬಂತೆಂದರೆ ಮಂಚವೇ ಅಲುಗಾಡಿತು. ನಗುತ್ತ ನಗುತ್ತಲೇ ಮುಖ ಬದಲಾಯಿತು. "ತಡೀರಿ ತಡೀರಿ, ಬಾಟ್ಲಿ ಕೊಡಾ ಮಾರಾಯಾ!" ಎಂದು ಕೂಗಿದ. ಪರದೆ ಎಳೆದರು. ವಾರ್ಡಿಗೆ ವಾರ್ಡೇ ಉಸಿರು ಬಿಗಿಹಿಡಿದು ಕೇಳಿತು. ಬಾಟಲಿಗೆ ಸುರಿಯುವ ಆ ಸದ್ದಿಗಿಂತ ಇಂಪಾದದ್ದನ್ನು ನಾನು ಈವರೆಗೆ ಕೇಳಿಲ್ಲ.

ಮರುದಿನ ಮಾವನ ರಕ್ತ ನೋಡಿದರು. ಸಕ್ಕರೆ ಕಾಯಿಲೆ ಜೋರಾಗಿಯೇ ಇತ್ತು, ಅವರಿಗೇ ಗೊತ್ತಿರಲಿಲ್ಲ. ಇನ್ನು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆದರೆ ಸಕ್ಕರೆ ಬಿಡಬೇಕು ಎಂದಿದ್ದಕ್ಕೆ ಮಾವ, "ಸಪ್ಪೆ ಚಾ ಕುಡ್ಯೋದಕ್ಕಿಂತ ಸಾಯೋದು ವಾಸಿ" ಎಂದು ದಾರಿಯುದ್ದಕ್ಕೂ ಗೊಣಗಿದರು. ಹೊಸನಗರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಪ್ಪ ಎರಡು ಸಪ್ಪೆ ಚಹಾ ಹೇಳಿದ. ಚಹಾಕ್ಕೆ ಮೂರು ಚಮಚ ಸಕ್ಕರೆ ಸಾಲದ ಮನುಷ್ಯ!

"ನಿಂಗ್ಯಾಕಪ್ಪಾ ಸಪ್ಪೆ?" ಎಂದೆ.

"ಅವಂದು ಮುಯ್ಯಿ ತೀರ್ತು. ಇನ್ನು ನಂದು" ಎಂದ.

ಅಪ್ಪ ಕುಡಿದಿದ್ದರಿಂದ ಮಾವನೂ ಕುಡಿದರು. ಆಮೇಲೆ ಎಷ್ಟೋ ವರ್ಷ ದಿನಾ ಸಂಜೆ ನಮ್ಮ ಜಗಲಿಯಲ್ಲಿ ಇಬ್ಬರೂ ಮುಖ ಹಿಂಡಿಕೊಂಡು ಸಪ್ಪೆ ಚಹಾ ಕುಡಿಯುತ್ತ, ಅದಕ್ಕೂ ಇದಕ್ಕೂ ನಗುತ್ತ ಕೂತಿರುತ್ತಿದ್ದರು. ಮಾವ ತುಂಬು ವಯಸ್ಸಿನಲ್ಲಿ ಹೋದರು. ಅದರ ಮರುದಿನ, ಇನ್ನಾದರೂ ಸಿಹಿ ಕುಡಿಯಲಿ ಎಂದು ಅಪ್ಪನ ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿ ಕೊಟ್ಟೆ. ಅಪ್ಪ ಒಂದು ಗುಟುಕು ಕುಡಿದು ಲೋಟವನ್ನು ನನ್ನ ಕಡೆ ತಳ್ಳಿದ.

"ಸಪ್ಪೆದೇ ಕೊಡು ತಂಗಿ" ಎಂದ.